ಹೆಬ್ಬೆರಳಿಗೆ 62 ವಾರ

ಅಮೆರಿಕದ ಯಾವ ರಾಜ್ಯದ ಶಾಸನಸಭೆಯಲ್ಲೇ ಆಗಲಿ, ಕಾರ್ಮಿಕ ಪರಿಹಾರ ಕಾಯ್ದೆಯ ತಿದ್ದುಪಡಿ ಚರ್ಚೆಗೆ ಬಂದಾಗ ಮೊದಲು ಕಣ್ಣೀರು ಹಾಕುವವರು ಯಂತ್ರಕ್ಕೆ ಕೈ ಕೊಟ್ಟವರಲ್ಲ, ಆ ಯಂತ್ರವನ್ನು ಕೊಂಡವರು. ಉದ್ಯಮಿಗಳ ಸಂಘದ ಪ್ರತಿನಿಧಿಯು ಸಮಿತಿಯ ಮುಂದೆ ಕುಳಿತು, ಈ ಪರಿಹಾರಕ್ಕಾಗಿ ನಮ್ಮ ರಾಜ್ಯದ ಮಾಲೀಕರು ಕಟ್ಟುವ ವಿಮಾ ಕಂತು ವಿಪರೀತವಾಗಿದೆ, ಹೀಗೇ ಬಿಟ್ಟರೆ ಕಾರ್ಖಾನೆಗಳೆಲ್ಲ ಪಕ್ಕದ ರಾಜ್ಯಕ್ಕೆ ಗುಳೆ ಹೋಗುತ್ತವೆ ಎಂದು ನಿವೇದಿಸಿಕೊಳ್ಳುತ್ತಾನೆ. ಪಕ್ಕದ ರಾಜ್ಯದ ಸಭಾಂಗಣದಲ್ಲಿ ಇನ್ನೊಬ್ಬ ಪ್ರತಿನಿಧಿ ಈ ರಾಜ್ಯದತ್ತ ಬೆರಳು ತೋರಿಸಿ ಅದೇ ಮಾತನ್ನು ಹೇಳುತ್ತಿರುತ್ತಾನೆ. ಕಾರ್ಖಾನೆಗಳು ಪಾಪ, ಗಂಟುಮೂಟೆ ಕಟ್ಟಿಕೊಂಡು ನೂರು ವರ್ಷಗಳಿಂದ ಗಡಿಯ ಮೇಲೆಯೇ ನಿಂತಿರಬೇಕು.

ಈ ಅಳಲಿಗೆ ಆಧಾರ ಒದಗಿಸುವುದು ಒರೆಗಾನ್ ರಾಜ್ಯ ಸರ್ಕಾರ. ಐವತ್ತು ರಾಜ್ಯಗಳ ಮತ್ತು ವಾಷಿಂಗ್ಟನ್ ಡಿ.ಸಿ.ಯ ವಿಮಾ ದರಗಳನ್ನು ಹೋಲಿಸಿ ಅದು ಎರಡು ವರ್ಷಕ್ಕೊಮ್ಮೆ ಒಂದು ಪಟ್ಟಿ ಹೊರಡಿಸುತ್ತದೆ. ಪಟ್ಟಿ ಎಂದ ಮೇಲೆ ಅರ್ಧದಷ್ಟು ರಾಜ್ಯಗಳು ನಡುಗೆರೆಯ ಮೇಲೆ ಇರಲೇಬೇಕು. ಆ ರಾಜ್ಯಗಳ ಉದ್ಯಮಿಗಳಿಗೆ ಅನ್ಯಾಯವಾಗಿದೆಯೆಂದು ಅಂಕಗಣಿತವೇ ಸಾಕ್ಷಿ ನುಡಿಯುತ್ತದೆ. ಗೆರೆಯ ಕೆಳಗಿರುವವರಿಗೆ ಸ್ಥಾನ ತಪ್ಪುವ ಭಯವಿರುವುದರಿಂದ ಅವರೂ ಅಳಬಹುದು. 2014ರ ಪಟ್ಟಿಯಲ್ಲಿ 100 ಡಾಲರ್ ವೇತನಕ್ಕೆ 1.85 ಡಾಲರ್ ಇದ್ದ ನಡುಗೆರೆ 2022ರ ಪಟ್ಟಿಯಲ್ಲಿ 1.27 ಡಾಲರಿಗೆ ಇಳಿದಿತ್ತು. ಎಲ್ಲರ ಹೊರೆಯೂ ಇಳಿದರೆ ಯಾರ ಸ್ಥಾನವೂ ಬದಲಾಗುವುದಿಲ್ಲವಲ್ಲ, ಆದ್ದರಿಂದ ಅಳುವಿನ ಶ್ರುತಿಯೂ ಬದಲಾಗಿಲ್ಲ. ಎರಡೂ ಪಟ್ಟಿಗಳಲ್ಲಿ ಅತಿ ಅಗ್ಗದ ರಾಜ್ಯವೆನಿಸಿದ್ದು ನಾರ್ತ್ ಡಕೋಟಾ. ಅಲ್ಲಿ ಈ ವಿಮೆಯನ್ನು ಮಾರುವ ಏಕೈಕ ಅಂಗಡಿ ರಾಜ್ಯ ಸರ್ಕಾರದ್ದು, ಖಾಸಗಿ ಕಂಪನಿಗಳಿಗೆ ಪ್ರವೇಶವೇ ಇಲ್ಲ. ಮುಕ್ತ ಮಾರುಕಟ್ಟೆಯ ಪರಮಭಕ್ತರಾದ ನಮ್ಮ ಪ್ರತಿನಿಧಿಗಳು ನಾರ್ತ್ ಡಕೋಟಾದ ದರವನ್ನು ಬಾಯಿತುಂಬ ಹೊಗಳುತ್ತಾರೆ, ಅಂಗಡಿಯ ಬೋರ್ಡನ್ನು ಮಾತ್ರ ಓದುವುದಿಲ್ಲ.

ಮೂಲದಲ್ಲಿ ಕಾರ್ಮಿಕ ಪರಿಹಾರವೆಂಬುದೊಂದು ಕೊಡುಕೊಳೆಯ ವ್ಯವಹಾರ. ಗಾಯಗೊಂಡ ಕಾರ್ಮಿಕನು ಮಾಲೀಕನ ಮೇಲೆ ಮೊಕದ್ದಮೆ ಹೂಡುವ ಹಕ್ಕನ್ನು ಬಿಟ್ಟುಕೊಡಬೇಕು. ಪ್ರತಿಯಾಗಿ ಮಾಲೀಕನು ತಪ್ಪು ಯಾರದೆಂದು ಕೇಳದೆ ಚಿಕಿತ್ಸೆಯನ್ನೂ ವೇತನದ ಒಂದು ಪಾಲನ್ನೂ ಕೊಡಬೇಕು. ಇಂಥ ಕಡ್ಡಾಯವು ಮಾಲೀಕರ ಆಸ್ತಿಯನ್ನು ಅನ್ಯಾಯವಾಗಿ ಕಸಿದಂತೆ ಎಂದು ನ್ಯೂಯಾರ್ಕಿನ ಉನ್ನತ ನ್ಯಾಯಾಲಯವು 1911ರ ಮಾರ್ಚ್ 24ರಂದು ಆ ರಾಜ್ಯದ ಕಾಯ್ದೆಯನ್ನು ರದ್ದುಮಾಡಿತು. ಮರುದಿನವೇ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಆ ವರ್ಷ ವಿಸ್ಕಾನ್ಸಿನ್‌ನಿಂದ ಮೊದಲ್ಗೊಂಡು 1948ರಲ್ಲಿ ಮಿಸಿಸಿಪ್ಪಿಯವರೆಗೆ ಎಲ್ಲ ರಾಜ್ಯಗಳೂ ಒಂದಲ್ಲ ಒಂದು ರೂಪದಲ್ಲಿ ಈ ಒಪ್ಪಂದವನ್ನು ಶಾಸನವಾಗಿಸಿದವು. ಅಂದಿನಿಂದ ಉದ್ಯಮಿಗಳ ಸಂಘಗಳು ಒಪ್ಪಂದದ ಮೊದಲರ್ಧಕ್ಕೆ ಅಚಲ ನಿಷ್ಠೆ ತೋರಿಸುತ್ತ ಬಂದಿವೆ. ಅವುಗಳಿಗೆ ಸಂದೇಹವಿರುವುದು ಉಳಿದರ್ಧದ ಬಗ್ಗೆ ಮಾತ್ರ.

ಉಳಿದರ್ಧ ಎಷ್ಟು ಉಳಿದಿದೆ ಎಂಬುದನ್ನು ಅಲಬಾಮಾದ ದರಪಟ್ಟಿಯಲ್ಲಿ ನೋಡಬಹುದು. ತೋಳು ಹೋದರೆ 222 ವಾರಗಳ ಪರಿಹಾರ, ಕೈಗೆ 170, ಕಣ್ಣಿಗೆ 124, ಹೆಬ್ಬೆರಳಿಗೆ 62, ಕಿರುಬೆರಳಿಗೆ 16. ಸಂತೆಯಲ್ಲಿ ಸೌತೆಕಾಯಿಗಾದರೂ ಚೌಕಾಸಿ ಇದೆ, ಇಲ್ಲಿ ಇಲ್ಲ. ವಾರವೊಂದಕ್ಕೆ ಗರಿಷ್ಠ 220 ಡಾಲರ್ ಎಂದು 1987ರಲ್ಲಿ ನಿಗದಿಯಾದ ಮಿತಿಯು ಮೂರು ದಶಕ ಕಳೆದರೂ ಕದಲಲಿಲ್ಲ. ನಮ್ಮ ಏಕಲವ್ಯನು ಅಲಬಾಮಾದಲ್ಲಿ ಹುಟ್ಟಿದ್ದರೆ ಅವನ ಹೆಬ್ಬೆರಳಿಗೆ ಹೆಚ್ಚೆಂದರೆ 13,640 ಡಾಲರ್ ಸಿಗುತ್ತಿತ್ತು. ಅದೂ ದ್ರೋಣಾಚಾರ್ಯರ ವಕೀಲರು ಈತ ನಮ್ಮ ಶಿಷ್ಯನೇ ಅಲ್ಲ, ಕಾಡಿನಲ್ಲಿ ಸ್ವಂತ ಜವಾಬ್ದಾರಿಯ ಮೇಲೆ ಅಭ್ಯಾಸ ಮಾಡುತ್ತಿದ್ದ ಸ್ವತಂತ್ರ ಗುತ್ತಿಗೆದಾರ ಎಂದು ವಾದಿಸದಿದ್ದರೆ. (ನಾವು ತುಂಬ ನಗುವಂತಿಲ್ಲ. 1923ರ ನಮ್ಮ ಪರಿಹಾರ ಕಾಯ್ದೆಯ ಅನುಸೂಚಿಯೂ ಹೆಬ್ಬೆರಳು ಹೋದರೆ ಮನುಷ್ಯನ ದುಡಿಮೆಯ ಶಕ್ತಿ ಶೇಕಡಾ 30ರಷ್ಟು ಹೋಯಿತೆಂದು ಬರೆದಿಟ್ಟಿತ್ತು.)

ಟೆಕ್ಸಾಸ್ ಬೇರೆಯೇ ದಾರಿ ಹಿಡಿಯಿತು. ಅಲ್ಲಿ ಖಾಸಗಿ ಮಾಲೀಕರು ಈ ವಿಮೆಗೆ ಸೇರಿದರೂ ಸರಿ, ಬಿಟ್ಟರೂ ಸರಿ. ಆದರೆ ಹೊರಗುಳಿದವನ ಮೇಲೆ ಕಾರ್ಮಿಕ ಮೊಕದ್ದಮೆ ಹೂಡಬಹುದು ಎಂಬ ಒಂದು ಮುಳ್ಳನ್ನು ಕಾಯ್ದೆ ಉಳಿಸಿಕೊಂಡಿದೆ. ಈ ಮುಳ್ಳನ್ನೂ ಕಿತ್ತ ಗುಲಾಬಿ ಅರಳಿದ್ದು ಪಕ್ಕದ ಒಕ್ಲಹಾಮಾದಲ್ಲಿ. 2013ರಲ್ಲಿ ರಾಜ್ಯಪಾಲೆ ಮೇರಿ ಫಾಲಿನ್ ಸಹಿ ಹಾಕಿದ ಕಾಯ್ದೆಯು ಮಾಲೀಕನು ರಾಜ್ಯದ ವ್ಯವಸ್ಥೆಯಿಂದ ಹೊರಬಂದು ತಾನೇ ನಿಯಮ ಬರೆದುಕೊಳ್ಳಲಿ, ಆದರೂ ಅವನ ಮೇಲೆ ಯಾರೂ ಮೊಕದ್ದಮೆ ಹೂಡದಿರಲಿ ಎಂದು ಹರಸಿತು. ಅದೇ ವರ್ಷ ದೊಡ್ಡ ಕಂಪನಿಗಳು ಸೇರಿ ಈ ವರವನ್ನು ಬೇರೆ ರಾಜ್ಯಗಳಿಗೂ ಹಂಚಲು ಕಟ್ಟಿಕೊಂಡ ಸಂಘದ ಹೆಸರು ‘ಕಾರ್ಮಿಕ ಪರಿಹಾರಕ್ಕೆ ಜವಾಬ್ದಾರಿಯುತ ಪರ್ಯಾಯಗಳ ಸಂಘ’. ಟೆನ್ನೆಸೀ, ಸೌತ್ ಕರೊಲೈನಾಗಳಲ್ಲಿ ಮಸೂದೆಗಳು ಮಂಡನೆಯಾದರೂ ಅಲ್ಲಿಯ ಶಾಸಕರಿಗೆ ಅಷ್ಟೊಂದು ಜವಾಬ್ದಾರಿ ದಕ್ಕಲಿಲ್ಲ.

ಜವಾಬ್ದಾರಿ ಯಾರದೆಂದು, ಹೊರಬಂದ ಮಾಲೀಕರು ತಾವೇ ಬರೆದುಕೊಂಡ ಪರಿಹಾರ ಯೋಜನೆಗಳ ಷರತ್ತುಗಳನ್ನು ಓದಿದರೆ ತಿಳಿಯುತ್ತದೆ. ಟೆಕ್ಸಾಸಿನ ಮಾಮೂಲಿ ಕಾಯ್ದೆಯಲ್ಲಿ ಪೆಟ್ಟಾದುದನ್ನು ಮಾಲೀಕನಿಗೆ ತಿಳಿಸಲು 30 ದಿನ ಅವಕಾಶವಿದ್ದರೆ, ಈ ಪರ್ಯಾಯ ಯೋಜನೆಗಳಲ್ಲಿ ಹಲವು ಪಾಳಿ ಮುಗಿಯುವುದರೊಳಗೆ ಅಥವಾ 24 ಗಂಟೆಯೊಳಗೆ ತಿಳಿಸಬೇಕೆನ್ನುತ್ತವೆ. ಬೆನ್ನುನೋವು ಸಾಮಾನ್ಯವಾಗಿ ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ತಿಳಿಯುವಂಥದ್ದು. ಇನ್ನು ಮುಂದೆ ಅದು ಗಡಿಯಾರ ನೋಡಿಕೊಂಡು ಬರಬೇಕು. ಒಕ್ಲಹಾಮಾದ ಡಿಲಾರ್ಡ್ಸ್ ಮಳಿಗೆಯಲ್ಲಿ ಪಾದರಕ್ಷೆಯ ಪೆಟ್ಟಿಗೆಗಳನ್ನು ಎತ್ತುವಾಗ ಒಬ್ಬ ಮಹಿಳೆಯ ಕುತ್ತಿಗೆಗೂ ಭುಜಕ್ಕೂ ಪೆಟ್ಟಾಯಿತು. ನೋವು ಮೊದಲೇ ಇತ್ತು ಎಂದು ಕಂಪನಿಯ ಯೋಜನೆ ಅರ್ಜಿಯನ್ನು ತಿರಸ್ಕರಿಸಿತು. ಅಂಥ ಭುಜದ ಮೇಲೆ ಪೆಟ್ಟಿಗೆ ಹೊರಿಸುವಾಗ ಮಾತ್ರ ಅದು ಯಾರಿಗೂ ನೆನಪಾಗಿರಲಿಲ್ಲವೆಂದು ತೋರುತ್ತದೆ. 2016ರ ಸೆಪ್ಟೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಹೊರಬಂದ ಮಾಲೀಕರ ಕೆಳಗಿನ ಕಾರ್ಮಿಕರಿಗೊಂದು ಕಾನೂನು ಉಳಿದವರಿಗೊಂದು ಕಾನೂನು ಸಲ್ಲದು ಎಂದು ಇಡೀ ವ್ಯವಸ್ಥೆಯನ್ನು ರದ್ದುಪಡಿಸಿತು.

ಫ್ಲಾರಿಡಾದ ಶಾಸಕರು ಇಷ್ಟೆಲ್ಲ ಗದ್ದಲ ಮಾಡಲಿಲ್ಲ, ವ್ಯಾಕರಣದ ಮೊರೆ ಹೋದರು. ಗೆದ್ದ ಕಾರ್ಮಿಕನ ವಕೀಲರಿಗೆ ಸಲ್ಲಬೇಕಾದ ಶುಲ್ಕದ ಕಲಮಿನಲ್ಲಿ ‘ಸಮಂಜಸವಾದ’ ಎಂಬ ವಿಶೇಷಣವಿತ್ತು. ಆ ಪದದ ಬಲದಿಂದ 2008ರಲ್ಲಿ ಕೋರ್ಟು ಶುಲ್ಕವನ್ನು ಹೆಚ್ಚಿಸಿದಾಗ, 2009ರಲ್ಲಿ ಶಾಸನಸಭೆಯು ಪದವನ್ನೇ ಕಿತ್ತುಹಾಕಿತು. ನಮ್ಮ ಶಾಲೆಯ ಮೇಷ್ಟರು ಲೋಪಸಂಧಿಗೆ ಇಷ್ಟು ಒಳ್ಳೆಯ ಉದಾಹರಣೆ ಕೊಟ್ಟದ್ದು ನನಗೆ ನೆನಪಿಲ್ಲ. ಫಲವಾಗಿ, ಮಾಲೀಕ ಮತ್ತು ವಿಮಾ ಕಂಪನಿ ಎತ್ತಿದ ಹನ್ನೆರಡು ಆಕ್ಷೇಪಗಳನ್ನು 107.2 ಗಂಟೆ ದುಡಿದು ಒಂದೊಂದಾಗಿ ಎದುರಿಸಿ ಗೆದ್ದ ವಕೀಲರಿಗೆ ಸಿಕ್ಕಿದ್ದು 164.54 ಡಾಲರ್, ಎಂದರೆ ಗಂಟೆಗೆ 1.53 ಡಾಲರ್. ಅದೇ ರಾಜ್ಯದಲ್ಲಿ 2016ರ ಕನಿಷ್ಠ ವೇತನವು ಗಂಟೆಗೆ 8.05 ಡಾಲರ್ ಇದ್ದುದರಿಂದ, ಅವರು ಕೋರ್ಟಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದಿದ್ದರೆ ಐದು ಪಟ್ಟು ಸಂಪಾದಿಸುತ್ತಿದ್ದರು. ಕೈ ಜಾರಿ ಪೆಟ್ಟಾದರೆ ಪರಿಹಾರವೂ ಇತ್ತು, ಕೊಡಿಸಲು ವಕೀಲರು ಸಿಗುತ್ತಿದ್ದರೋ ಇಲ್ಲವೋ.

2016ರ ಏಪ್ರಿಲಿನಲ್ಲಿ ಫ್ಲಾರಿಡಾದ ಸುಪ್ರೀಂ ಕೋರ್ಟು ಈ ಶುಲ್ಕಪಟ್ಟಿಯನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿದಾಗ ಉದ್ಯಮ ವಲಯದಲ್ಲಿ ಪ್ರಳಯ ಬಂದಂತಾಯಿತು. ಡಿಸೆಂಬರಿನಿಂದ ವಿಮಾ ದರ ಶೇಕಡಾ 14.5ರಷ್ಟು ಏರಿತು, ನಾವು ಹೇಳಿರಲಿಲ್ಲವೇ ಎಂಬ ಹೇಳಿಕೆಗಳು ಹೊರಟವು. 2018ರಲ್ಲಿ ದರ ಇಳಿಯಿತು, 2019ರಲ್ಲಿ ಶೇಕಡಾ 13.8ರಷ್ಟು ಇಳಿಯಿತು, ಮುಂದಿನ ವರ್ಷವೂ ಇಳಿಯಿತು. ಪ್ರಳಯದ ನೀರು ಹೀಗೆ ನಾಚಿಕೆಯಿಲ್ಲದೆ ಹಿಂದಕ್ಕೆ ಹರಿಯುತ್ತಿದ್ದರೂ ಪ್ರತಿನಿಧಿಯು ಮುಂದಿನ ಅಧಿವೇಶನಕ್ಕೆ ಅದೇ ಭಾಷಣವನ್ನು ಹಿಡಿದು ಹಾಜರಾಗುತ್ತಾನೆ. ತಿದ್ದಿಕೊಳ್ಳುವುದು ವರ್ಷದ ಅಂಕಿಯನ್ನು, ಮತ್ತು ಕಾರ್ಖಾನೆಗಳು ಓಡಿಹೋಗಲಿರುವ ಪಕ್ಕದ ರಾಜ್ಯದ ಹೆಸರನ್ನು.