‘ಹೊಯ್ಸಳರ ಕಾಲದ್ದಾ?’ ಅಂತ ಕೇಳುವ ಮುಂಚೆ

ಹಾಸನದ ಕಡೆ ಹೊಲದ ಮೂಲೆಯಲ್ಲಿ ಹಳೇ ಗೋಡೆಯೊಂದು ಕಂಡರೆ ಮೊದಲು ಕೇಳುವುದು ‘ಹೊಯ್ಸಳರ ಕಾಲದ್ದಾ?’ ಅಂತ. ಅಲ್ಲ ಅಂದರೆ ಮುಗಿಯಿತು, ಆ ಕಲ್ಲು ಯಾರದೋ ಕೊಟ್ಟಿಗೆಯ ಪಾಯಕ್ಕೆ ಹೋಗುತ್ತದೆ. ನಾನಿರುವ ಇಂಗ್ಲೆಂಡಿನ ನಾರ್ಫೋಕಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ: ‘ಇದು ಯಾವ ಕೆಲಸಕ್ಕಿತ್ತು?’ ಎರಡನೇ ಮಹಾಯುದ್ಧದಲ್ಲಿ ಅವಸರದಿಂದ ಕಟ್ಟಿ, 1945ರ ನಂತರ ಬಿಟ್ಟುಹೋದ ಏರ್‌ಫೀಲ್ಡುಗಳು ಇಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಅವುಗಳ ಪಾಳು ಗೂಡಿಗೂ ಒಂದು ಹೆಸರು, ಅದನ್ನು ಕಟ್ಟಿದ ನಕ್ಷೆಯ ಒಂದು ನಂಬರು ಇದೆ. ಈ ಅಭ್ಯಾಸ ನಮ್ಮೂರಿಗೂ ಬೇಕು.

ನಂಬರಿನ ವಿಷಯ ಸಣ್ಣದಲ್ಲ. 12779/41 ಅಂದರೆ 1941ರ ನಕ್ಷೆ, ಕಂಟ್ರೋಲ್ ಟವರಿನದು. 343/43 ಅಂದರೆ ಅದೇ ಟವರಿಗೆ ಸಣ್ಣ ಕಿಟಕಿ ಇಟ್ಟ 1943ರ ತಿದ್ದುಪಡಿ. ಇಷ್ಟು ಗೊತ್ತಿದ್ದವರು ಅರ್ಧ ಬಿದ್ದ ಗೋಡೆಯ ಕಿಟಕಿ ಅಳೆದು ಅದು ಯಾವುದೆಂದು ಹೇಳುತ್ತಾರೆ.

ನೆಲದ ಲೆಕ್ಕವೂ ಹಾಗೆಯೇ. 1942ರ ಬಾಂಬರ್ ಏರ್‌ಫೀಲ್ಡಿಗೆ ಮೂರು ರನ್‌ವೇ, ಇಂಗ್ಲಿಷಿನ ‘ಎ’ ಅಕ್ಷರದಂತೆ ಒಂದನ್ನೊಂದು ಹಾಯುತ್ತವೆ. ದೊಡ್ಡದು 6000 ಅಡಿ, ಉಳಿದೆರಡು 4200 ಅಡಿ, ಅಗಲ ಮೂರಕ್ಕೂ 150 ಅಡಿ. ಸುತ್ತಲೂ 50 ಅಡಿ ಅಗಲದ ರಸ್ತೆ, ಆ ರಸ್ತೆಗೆ ಅಂಟಿಕೊಂಡು ಹಿಡಿಯಿರುವ ಬಾಣಲೆಯಂತೆಯೋ ಕನ್ನಡಕದಂತೆಯೋ ಕಾಣುವ ಸುಮಾರು 50 ವಿಮಾನ ನಿಲುಗಡೆ ಕಟ್ಟೆಗಳು. ದೊಡ್ಡ ರನ್‌ವೇ ಸಾಮಾನ್ಯವಾಗಿ ನೈಋತ್ಯಕ್ಕೆ ಮುಖ ಮಾಡಿರುತ್ತದೆ. ಇಲ್ಲಿ ಹೆಚ್ಚು ಬೀಸುವ ಗಾಳಿ ಆ ಕಡೆಯದೇ. ಸಕಲೇಶಪುರದ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮುಂಗಾರು ಅವರಿಗೂ ಅದೇ ದಿಕ್ಕಿನಿಂದ ಬರುತ್ತದೆ. ನಮ್ಮ ತೋಟದ ಕೆಲಸಗಾರರ ಲೈನು ಮನೆಗಳೆಲ್ಲ ಒಂದೇ ಸಾಲಿಗೆ ಇರುತ್ತವೆ. ಇಲ್ಲಿ ಒಂದು ಏರ್‌ಫೀಲ್ಡಿನ ಸುಮಾರು 2900 ಜನರ ವಸತಿಯನ್ನು ಬೇಕೆಂದೇ ಸುತ್ತಲ ಹೊಲಗಳಲ್ಲಿ ಚದುರಿಸಿದ್ದರು, ಒಂದು ಬಾಂಬಿಗೆ ಎಲ್ಲರೂ ಸಿಗಬಾರದೆಂದು.

ಕಾಂಕ್ರೀಟು ನಮ್ಮ ಕಾಫಿ ಕಣದ ಹಾಗೆ ಹಾಸು ಹಾಸಾಗಿ ಹಾಕಿದ್ದು, ಸುಮಾರು 6 ಇಂಚು ದಪ್ಪ, ನಡುವಿನ ಸಂದಿಗೆ ಟಾರು. ಕಣದಲ್ಲಿ ಹುಲ್ಲು ಮೊದಲು ಸಂದಿಯಲ್ಲೇ ಹುಟ್ಟುತ್ತದಲ್ಲ, ಇಲ್ಲೂ ಅಷ್ಟೇ. ನೆಟ್ಟಗೆ ಹೋದ ಹುಲ್ಲಿನ ಗೆರೆ ಹಿಡಿದರೆ ಮಣ್ಣು ಮುಚ್ಚಿದ ಹಾಸಿನ ಅಂಚು ಸಿಗುತ್ತದೆ. ಬಹುಪಾಲು ಕಡೆ ಒಳಗೆ ಕಬ್ಬಿಣದ ಸರಳಿಲ್ಲ. ಒಡೆಯಲು ಸುಲಭವಾದದ್ದರಿಂದಲೇ ಯುದ್ಧದ ನಂತರ ಮೈಲಿಗಟ್ಟಲೆ ರನ್‌ವೇ ಜಲ್ಲಿಯಾಗಿ ಹೊಸ ರಸ್ತೆಗಳ ಕೆಳಗೆ ಹೋಯಿತು. ಇಂಗ್ಲೆಂಡಿನವರು ಎಲ್ಲವನ್ನೂ ಉಳಿಸಿಕೊಂಡರು ಅಂತ ಯಾರೂ ತಿಳಿಯಬಾರದು. ಉಳಿದದ್ದು ಉಪಯೋಗಕ್ಕೆ ಬಂದದ್ದು: ರನ್‌ವೇಯಲ್ಲಿ ಟ್ರ್ಯಾಕ್ಟರ್ ಓಡಾಡುವಷ್ಟು ಪಟ್ಟಿ, ಸಕ್ಕರೆ ಬೀಟು ರಾಶಿ ಹಾಕುವ ಕಟ್ಟೆ, ಟರ್ಕಿ ಕೋಳಿ ಶೆಡ್ಡಿನ ಅಡಿಪಾಯ. ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕೇ ಒಂದು ಹಳೇ ಏರ್‌ಫೀಲ್ಡು. ಚೆನ್ನೈ ಹತ್ತಿರದ ಶೋಳವರಂ ಕೂಡ ಹಾಗೆಯೇ ಯುದ್ಧಕಾಲದ ರನ್‌ವೇಯಾಗಿದ್ದು ಕಾರ್ ರೇಸಿಗೆ ಒದಗಿತ್ತು.

ಕಟ್ಟಡಗಳ ಕಥೆ ಹಾಗಲ್ಲ. ಅವನ್ನು ಹತ್ತು ವರ್ಷ ಬಾಳಿದರೆ ಸಾಕೆಂದು ಕಟ್ಟಿದ್ದು. ಗೋಡೆ ಒಂಟಿ ಇಟ್ಟಿಗೆಯದು, ನಾಲ್ಕೂವರೆ ಇಂಚು, ಅಲ್ಲಲ್ಲಿ ಕಂಬದಂತೆ ದಪ್ಪ ಮಾಡಿ ಹೊರಗೆ ಸಿಮೆಂಟು ಗಿಲಾವು. ಗಿಲಾವು ಸೀಳಿದರೆ ನೀರು ಒಳಗೆ ಹೋಗುತ್ತದೆ, ಈಚೆಗೆ ಬರಲು ದಾರಿಯಿಲ್ಲ. ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಹಾರಿಸುತ್ತದೆ. ರಿಪೇರಿ ಅಂತ ಮೇಲೆ ಮತ್ತಷ್ಟು ಗಟ್ಟಿ ಸಿಮೆಂಟು ಮೆತ್ತಿದರೆ ತೇವ ಇನ್ನೂ ಒಳಗೇ ಕೂರುತ್ತದೆ. ಗೋಡೆಗೆ ಹಬ್ಬಿದ ಬಳ್ಳಿಯನ್ನು ಹಸಿಯಾಗಿ ಕಿತ್ತರೆ ಗಾರೆಯೂ ಜೊತೆಗೆ ಬರುತ್ತದೆ. ಬುಡ ಕತ್ತರಿಸಿ, ಪೂರ್ತಿ ಒಣಗಿದ ಮೇಲೆ ಬಿಡಿಸಬೇಕು. ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಕಂಡರೆ ಒಡೆಯಲೂ ಬಾರದು, ತೂತು ಕೊರೆಯಲೂ ಬಾರದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಇಷ್ಟು ತಿಳಿದು ಮಾಡಿದರೆ ಉಳಿಯುತ್ತದೆ ಅನ್ನುವುದಕ್ಕೆ ಥಾರ್ಪ್ ಆಬಟ್ಸ್ ಏರ್‌ಫೀಲ್ಡಿನ ಕಂಟ್ರೋಲ್ ಟವರು ಸಾಕ್ಷಿ. ಅಮೆರಿಕದ 100ನೇ ಬಾಂಬರ್ ಗುಂಪಿನ ಆ ಟವರನ್ನು 1977ರಲ್ಲಿ ಸ್ವಯಂಸೇವಕರು ಕೈಗೆತ್ತಿಕೊಂಡರು. ಈಗ ಅದು ಮ್ಯೂಸಿಯಂ.

ನಮ್ಮ ಶೆಟ್ಟಿಹಳ್ಳಿ ಚರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಹಿಮ ಮಾಡುವ ಕೆಲಸವನ್ನು ಅಲ್ಲಿ ಹೇಮಾವತಿಯ ಹಿನ್ನೀರು ಮಾಡುತ್ತದೆ. ಮುಳುಗಿ ನೆನೆದು, ನೀರಿಳಿದ ಮೇಲೆ ಒಣಗಿ ಗಾರೆ ಸಡಿಲವಾಗುತ್ತದೆ. ಅದರ ಫೋಟೋ ಎಲ್ಲರ ಫೋನಿನಲ್ಲೂ ಇದೆ. ಗೋಡೆಯ ದಪ್ಪ ಎಷ್ಟು, ಯಾವ ಕಮಾನು ಯಾವ ವರ್ಷ ಬಿತ್ತು ಅನ್ನುವುದನ್ನು ಬರೆದಿಟ್ಟುಕೊಳ್ಳುವ ರೂಢಿ ನಮಗಿಲ್ಲ. ಬರೆದಿಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಅಧಿಕಾರಿ ಬಿ. ಎಲ್. ರೈಸ್ ಊರೂರಿನ ಶಾಸನಗಳನ್ನು ಕಲೆಹಾಕಿಸಿ ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲೇ ಅಚ್ಚು ಹಾಕಿಸಿದರು. ಆ ಶ್ರದ್ಧೆ ಶಾಸನಕ್ಕೆ, ವೀರಗಲ್ಲಿಗೆ ಸಿಕ್ಕಿತು. ಇಟ್ಟಿಗೆ, ತಗಡು, ಹೆಂಚಿಗೆ ಸಿಗಲಿಲ್ಲ. ಹಳೇ ಕಾಫಿ ಬಂಗಲೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಲೈನು ಮನೆ ಬೀಳುತ್ತಿರುವ ಈ ಹೊತ್ತಿನಲ್ಲಿ ಅದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಮಾಡಲು ಹೆಚ್ಚೇನೂ ಬೇಡ. ಸರ್ವೆ ನಂಬರು ಗುರುತಿಸಿ, ಗ್ರಾಮ ನಕ್ಷೆಯನ್ನೂ ಆ ನಂಬರಿನ ಅಳತೆ ಬರೆದ ಟಿಪ್ಪಣಿಯನ್ನೂ ಮೊದಲು ತೆಗೆಸಿಕೊಳ್ಳಿ. ಬೇಸಿಗೆಯಲ್ಲಿ, ಹುಲ್ಲು ಒಣಗತೊಡಗಿದಾಗ ಹೋಗಿ. ಹೂತ ಗೋಡೆಯ ಮೇಲೆ ಮಣ್ಣು ತೆಳುವಾಗಿರುವುದರಿಂದ ಅಲ್ಲಿನ ಹಸಿರು ಬೇಗ ಹಳದಿ ತಿರುಗುತ್ತದೆ, ಅದೇ ಗುರುತು. 100 ಅಡಿ ಟೇಪಿನ ಸೊನ್ನೆಯನ್ನು ಒಂದು ಮೂಲೆಗೆ ಹಿಡಿದು ಬಾಗಿಲು, ಕಿಟಕಿ ಎಲ್ಲವನ್ನೂ ಅಲ್ಲಿಂದಲೇ ಓದಿಕೊಂಡು ಹೋಗಬೇಕು. ತುಂಡು ತುಂಡಾಗಿ ಅಳೆದು ಕೂಡಿದರೆ ಪ್ರತಿ ತುಂಡಿನ ತಪ್ಪೂ ಸೇರಿಕೊಳ್ಳುತ್ತದೆ. ಎರಡೂ ಕರ್ಣ ಅಳೆಯದೆ ಬಂದರೆ ಕೋಣೆ ಚೌಕವೋ ಸೊಟ್ಟವೋ ಮನೆಗೆ ಬಂದ ಮೇಲೆ ತಿಳಿಯುವುದಿಲ್ಲ. ಇಟ್ಟಿಗೆಯ ಮೂರು ಅಳತೆ, ಆ ಜಾಗಕ್ಕೆ ಊರಿನ ಹಿರಿಯರು ಕರೆಯುವ ಹೆಸರು, ತಾರೀಖು. ಫೋಟೋದೊಳಗೆ ಒಂದು ಅಳತೆಪಟ್ಟಿ.

ಇನ್ನೊಂದು ಮಾತು. ಇಲ್ಲಿಯ ಇಟ್ಟಿಗೆಯ ಮೇಲ್ಮೈಯಲ್ಲಿರುವ ಕುಳಿಯಲ್ಲಿ ಹಲವು ಸಲ ತಯಾರಕರ ಅಚ್ಚು ಇರುತ್ತದೆ, ನಮ್ಮ ಮಂಗಳೂರು ಹೆಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿರುವಂತೆ. ಮಾಡು ಇಳಿಸುವ ದಿನ ಒಂದು ಹೆಂಚನ್ನಾದರೂ ಮಗುಚಿ ನೋಡಿ, ಅಚ್ಚಿನ ಫೋಟೋ ತೆಗೆದು ಯಾವ ಕೋಣೆಯ ಮೇಲಿದ್ದದ್ದೆಂದು ಬರೆಯಿರಿ. ಎಲ್ಲ ಮನೆಯ ಹೆಂಚೂ ಒಂದೇ ಲಾರಿಗೆ ಬಿದ್ದ ಮೇಲೆ ಅದನ್ನು ಹೇಳಲು ಆಗುವುದಿಲ್ಲ.