ಶ್ರೀಯವರ ಅರ್ಜಿ ತಿರಸ್ಕೃತವಾಗಿದೆ

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಎಂಬ ಹೆಮ್ಮೆ ಒಂದು ಕಡೆ, ಪರೀಕ್ಷೆ ಪದವಿಗಳಿಗೆಲ್ಲ ಮದರಾಸಿನ ಮುಖ ನೋಡುವ ಹಂಗು ತಪ್ಪಿತೆಂಬ ನೆಮ್ಮದಿ ಇನ್ನೊಂದು ಕಡೆ. ಮಗು ಹುಟ್ಟಿದ ಹನ್ನೊಂದನೇ ದಿನಕ್ಕೆ ನಾಮಕರಣ ಮುಗಿಸುವ ಜನ ನಾವು. ಈ ಮಗುವಿಗೆ ಮನೆಮಾತಿನಲ್ಲೂ ಒಂದು ಎಂ.ಎ. ಇರಲಿ ಎಂದು ಹೊಳೆದದ್ದು ಮಾತ್ರ ಹನ್ನೊಂದನೇ ವರ್ಷಕ್ಕೆ, 1927ರಲ್ಲಿ. ಅಷ್ಟು ಹೊತ್ತಿಗೆ ಆರ್. ನರಸಿಂಹಾಚಾರ್ಯರು ಕನ್ನಡದಲ್ಲಿ ಎಂ.ಎ. ಮಾಡಿಕೊಂಡು ದಶಕಗಳೇ ಕಳೆದಿದ್ದವು. ಎಲ್ಲಿಂದ? ಅದೇ ಮದರಾಸಿನಿಂದ!

ಹಾಗಂತ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಇರಲೇ ಇಲ್ಲ ಅನ್ನುವಂತಿಲ್ಲ. ಇತ್ತು. ಇಂಗ್ಲಿಷಿನವರು ಪ್ರೊಫೆಸರು, ಫಿಲಾಸಫಿಯವರು ಪ್ರೊಫೆಸರು, ಚರಿತ್ರೆಯವರು ಪ್ರೊಫೆಸರು, ಕನ್ನಡದವರು ಪಂಡಿತರು. ಸಂಬಳಕ್ಕೂ ಸಂಬಳಕ್ಕೂ ಅಜಗಜಾಂತರ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತ ಹುಡುಗರು, ಪೇಟ ಸುತ್ತಿ ಅಂಗವಸ್ತ್ರ ಹೊದ್ದ ಪಂಡಿತರು ಒಳಗೆ ಬಂದು ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಲು ಶುರುಮಾಡಿದ ಕೂಡಲೇ ಇಡೀ ದಿನದ ಸೇಡನ್ನು ಅವರ ಮೇಲೇ ತೀರಿಸಿಕೊಳ್ಳುತ್ತಿದ್ದರು. ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರೆಂಬುದು ಪ್ರಸಿದ್ಧ. ಪಂಡಿತರಿಗೂ ಆ ಗೌರವ ಸಲ್ಲಿಸಬಹುದಿತ್ತು. ಆದರೆ ಎಳೆಯುವುದಕ್ಕೆ ಗಾಡಿಯಾದರೂ ಇರಬೇಡವೇ?

ಇಷ್ಟೇ ಆಗಿದ್ದರೆ ಇದು ಹೊಟ್ಟೆಯುರಿಯ ಕಥೆ. ತಮಾಷೆ ಇರುವುದು ಬೇರೆ ಕಡೆ. ಆ ಕಾಲದ ನಮ್ಮ ಕಾಲೇಜುಗಳಲ್ಲಿ ಕೊಠಡಿಯ ಬಾಗಿಲಿಗೆ ತೂಗುಹಾಕಿದ ಬೋರ್ಡಿಗೂ ಒಳಗೆ ನಡೆಯುತ್ತಿದ್ದ ಕೆಲಸಕ್ಕೂ ತಾಳಮೇಳವೇ ಇರಲಿಲ್ಲ. ಕನ್ನಡ ಎಂ.ಎ.ಗೆ ಬೆನ್ನಿಗೆ ನಿಂತವರು ಇಂಗ್ಲಿಷ್ ಮೇಷ್ಟ್ರು ಬಿ.ಎಂ. ಶ್ರೀಕಂಠಯ್ಯ, ಅಂದರೆ ನಮ್ಮ 'ಶ್ರೀ'. ಕಲೆ ಮೈಸೂರಿಗೆ, ವಿಜ್ಞಾನ ಬೆಂಗಳೂರಿಗೆ ಎಂದು ವಿಶ್ವವಿದ್ಯಾನಿಲಯ ಅಚ್ಚುಕಟ್ಟಾಗಿ ಹಂಚಿಕೊಟ್ಟರೆ, ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಡಿಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಆಸಿಡ್ ವಾಸನೆಯ ನಡುವೆ. ಭಾರತೀಯ ದರ್ಶನಗಳ ಮೇಲೆ ಜಗತ್ತೇ ಇವತ್ತಿಗೂ ಓದುವ ಪುಸ್ತಕ ಬರೆದ ಎಂ. ಹಿರಿಯಣ್ಣನವರು ಫಿಲಾಸಫಿ ವಿಭಾಗದವರಲ್ಲ, ಸಂಸ್ಕೃತದವರು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಮೈಸೂರಿನಲ್ಲೇ ಸಿಕ್ಕಿ 1909ರಲ್ಲಿ ಅಚ್ಚಾಯಿತು. ಕಂಡುಹಿಡಿದವರು ಎಕನಾಮಿಕ್ಸ್ ಪ್ರೊಫೆಸರೇ? ಅಲ್ಲ, ಓರಿಯಂಟಲ್ ಲೈಬ್ರರಿಯಲ್ಲಿ ಕೂತಿದ್ದ ಆರ್. ಶಾಮಶಾಸ್ತ್ರಿಗಳು. ಅತ್ತ ಎಕನಾಮಿಕ್ಸ್ ಎಂ.ಎ. ಮಾಡಿದ ವಿ. ಸೀತಾರಾಮಯ್ಯನವರು ಕನ್ನಡ ಮೇಷ್ಟ್ರಾದರು. ಕೇರಳದಿಂದ ಬಂದು ಇತಿಹಾಸ ಪಾಠ ಮಾಡುತ್ತಿದ್ದ ನಾ. ಕಸ್ತೂರಿ ಕನ್ನಡಿಗರನ್ನು ಕನ್ನಡದಲ್ಲೇ ನಗಿಸಿದರು. ಇನ್ನು ಇಂಗ್ಲಿಷ್? ಆ ಬಾಗಿಲು ಭದ್ರವಾಗಿತ್ತು, ಸಂದೇಹ ಬೇಡ. ಆರ್.ಕೆ. ನಾರಾಯಣ್ ಎಂಬ ಹುಡುಗ ಪ್ರವೇಶ ಪರೀಕ್ಷೆ ಬರೆದಾಗ ಅವನನ್ನು ಫೇಲು ಮಾಡಿ ಮನೆಗೆ ಕಳಿಸಿತು. ಇಂಗ್ಲಿಷಿನಲ್ಲೇ.

ಇಂಥ ಅವ್ಯವಸ್ಥೆಯನ್ನೆಲ್ಲ ನಾವೀಗ ಸರಿಪಡಿಸಿಕೊಂಡಿದ್ದೇವೆ. ಈಗ ಸಂಬಂಧಪಟ್ಟ ವಿಷಯದಲ್ಲಿ ಸಂಬಂಧಪಟ್ಟ ಪದವಿ ಇಲ್ಲದ ನರಪಿಳ್ಳೆಯೂ ಒಳಗೆ ಕಾಲಿಡುವಂತಿಲ್ಲ. ನೆಟ್ ಎಂಬ ಅರ್ಹತಾ ಪರೀಕ್ಷೆ ಆಗಿರಬೇಕು, ಇಲ್ಲ ಸ್ಲೆಟ್ ಆಗಿರಬೇಕು, ಪಿಎಚ್.ಡಿ. ಇದ್ದರೆ ಇನ್ನೂ ಒಳ್ಳೆಯದು, ಲೇಖನ ಬಂದ ಪತ್ರಿಕೆಗೆ ಐಎಸ್‌ಎಸ್‌ಎನ್ ನಂಬರ್ ಇರಬೇಕು. ಆ ಹಳೆಯ ಮೇಷ್ಟ್ರುಗಳೆಲ್ಲ ಇವತ್ತು ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮೈ ಜುಂ ಅನ್ನುತ್ತದೆ. ರಾಜ್ಯದ ಯಾವುದೋ ಒಂದು ಕಚೇರಿ ಎಂದಿಟ್ಟುಕೊಳ್ಳಿ. ಪರಿಶೀಲನಾ ಸಮಿತಿಯ ಅಧ್ಯಕ್ಷರ ಮುಂದೆ ಗೋಡಂಬಿ ತಟ್ಟೆ, ಸೂಪರಿಂಟೆಂಡೆಂಟರ ಕೈಯಲ್ಲಿ ಕೆಂಪು ಪೆನ್ನು.

"ಸಾರ್, ಮೊದಲನೆಯದು ಶ್ರೀಕಂಠಯ್ಯ ಬಿ.ಎಂ. ಇಂಗ್ಲಿಷ್‌ನವರು."

"ಇಂಗ್ಲಿಷ್‌ನವರು ಕನ್ನಡದ ಪೋಸ್ಟಿಗೆ ಯಾಕ್ರೀ ಹಾಕಿದ್ದಾರೆ?"

"1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡ ಮಾತು ತಲೆಯೆತ್ತುವ ಬಗೆ ಹೇಗೆ ಅಂತ ಮಾತಾಡಿದ್ದಾರಂತೆ ಸಾರ್."

"ಸರ್ಟಿಫಿಕೇಟ್ ಇಟ್ಟಿದ್ದಾರಾ? ಸ್ಟೇಟ್ ಲೆವೆಲ್ ಸೆಮಿನಾರೋ, ನ್ಯಾಷನಲ್ಲೋ?"

"ಧಾರವಾಡ ಆಗ ಮುಂಬಯಿ ಪ್ರಾಂತ್ಯ ಸಾರ್. ಇವರದ್ದು ಮೈಸೂರು ಸಂಸ್ಥಾನ."

"ಹಾಗಾದರೆ ಇಂಟರ್‌ನ್ಯಾಷನಲ್ ಅಂತ ಬೇಕಾದರೂ ಹಿಡಿಯೋಣ. ಆದರೆ ಕನ್ನಡ ಎಂ.ಎ. ಇಲ್ಲವಲ್ಲ? ರಿಜೆಕ್ಟ್."

"ಅದು ಇವರೆಲ್ಲ ಸೇರಿ ಶುರುಮಾಡಿದ ಎಂ.ಎ. ಸಾರ್."

"ಶುರುಮಾಡೋದು ಬೇರೆ, ಪಾಸಾಗೋದು ಬೇರೆ. ಮುಂದಿನದು?"

ಮುಂದಿನದು ಟಿ.ಎಸ್. ವೆಂಕಣ್ಣಯ್ಯ. ಮಹಾರಾಜಾ ಕಾಲೇಜಿನ ಮೊದಲ ಕನ್ನಡ ಪ್ರೊಫೆಸರು. ಬರೆದದ್ದು ಕಡಿಮೆ, ಬರೆಯಿಸಿದ್ದು ಹೆಚ್ಚು. ಎಂ.ಎ. ತರಗತಿಯಲ್ಲಿ ಅವರ ಮುಂದೆ ಕೂತಿದ್ದ ಪುಟ್ಟಪ್ಪ ಎಂಬ ವಿದ್ಯಾರ್ಥಿ ಮುಂದೆ ರಾಮಾಯಣವನ್ನೇ ಹೊಸದಾಗಿ ಬರೆದು, ಆ ಮಹಾಕಾವ್ಯವನ್ನು ಈ ಮೇಷ್ಟ್ರಿಗೆ ಅರ್ಪಿಸಿದರು. ಸೂಪರಿಂಟೆಂಡೆಂಟರು ಅಂಕಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ರಿಸರ್ಚ್ ಪೇಪರಿಗೆ ಅಂಕ ಇದೆ, ಓರಿಯಂಟೇಷನ್ ಕೋರ್ಸಿಗೆ ಇದೆ, ಎನ್.ಎಸ್.ಎಸ್. ಕ್ಯಾಂಪಿಗೂ ಇದೆ. ಶಿಷ್ಯ ಮಹಾಕಾವ್ಯ ಅರ್ಪಿಸಿದರೆ ಎಷ್ಟು ಎಂಬುದಕ್ಕೆ ಕಾಲಂ ಇಲ್ಲ. ಪಿಎಚ್.ಡಿ. ಕಾಲಂ ಇದೆ, ಅದು ಖಾಲಿ. ಕೆಂಪು ಪೆನ್ನು ಆಡಿತು.

ಸೀತಾರಾಮಯ್ಯನವರದ್ದು ನಿಮಿಷದ ಕೆಲಸ: ಎಕನಾಮಿಕ್ಸ್, ರಾಂಗ್ ಡಿಪಾರ್ಟ್‌ಮೆಂಟ್. ಶಾಮಶಾಸ್ತ್ರಿಗಳಿಗೆ ಲೈಬ್ರರಿ ಸೈನ್ಸ್ ಡಿಪ್ಲೊಮಾ ಇಲ್ಲ. ತಾಳೆಗರಿ ಸಿಕ್ಕಿದ್ದಕ್ಕೆ ಸ್ಟಾಕ್ ರಿಜಿಸ್ಟರಿನಲ್ಲಿ ಎಂಟ್ರಿ ಆಗಿದೆಯೇ ಎಂದು ಕೇಳಿ ಒಂದು ನೋಟಿಸು ಬೇರೆ ಹೋಯಿತು. ಕಸ್ತೂರಿಯವರ ಹಾಸ್ಯ ಬರಹಗಳು ಪಿಯರ್ ರಿವ್ಯೂ ಆಗಿಲ್ಲ ಎಂದು ಷರಾ. ಪಿಯರ್ ರಿವ್ಯೂ ಆದ ಹಾಸ್ಯ ಹೇಗಿರುತ್ತದೆಂದು ನೋಡುವ ಆಸೆ ನನಗಂತೂ ಇದೆ.

ಕೊನೆಗೆ ಉಳಿದದ್ದು ಒಂದೇ ಅರ್ಜಿ. ಕನ್ನಡದಲ್ಲೇ ಎಂ.ಎ., ಬಂಗಾರದ ಪದಕ, ನೆಟ್ ಆಗಿದೆ, ಪಿಎಚ್.ಡಿ. ಆಗಿದೆ, ಹಳಗನ್ನಡಕ್ಕೆ ಹುಡುಗರನ್ನು ನಿದ್ದೆಗೆ ಬಿಡದೆ ಪಾಠ ಮಾಡುತ್ತಾರೆಂಬ ಹೆಸರೂ ಇದೆ. ಸಮಿತಿ ಎಡಕ್ಕೆ ತಿರುಗಿಸಿ ಬಲಕ್ಕೆ ತಿರುಗಿಸಿ ನೋಡಿತು; ಒಂದೂ ಕೊಕ್ಕೆ ಸಿಗಲಿಲ್ಲ. ಅಧ್ಯಕ್ಷರಿಗೆ ಕಸಿವಿಸಿಯಾಯಿತು.

"ಇವರು ಈಗ ಎಲ್ಲಿದ್ದಾರ್ರೀ?"

"ಇದೇ ಕಾಲೇಜಲ್ಲೇ ಸಾರ್. ಅತಿಥಿ ಉಪನ್ಯಾಸಕರು. ವರ್ಷ ವರ್ಷ ತೆಗೆದು ಹಾಕಿ, ವರ್ಷ ವರ್ಷ ತಗೋತೀವಿ."

"ಮತ್ತೆ ಆರ್ಡರ್ ಕೊಡೋದಕ್ಕೇನು?"

"ಹುದ್ದೆಗೆ ಹಣಕಾಸು ಇಲಾಖೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ ಸಾರ್. ಇವತ್ತಿನದು ಬರೀ ಪರಿಶೀಲನೆ."

ಕಲ್ಪನೆಯ ಕಚೇರಿ ಎಂದು ಮೇಲೆ ಹೇಳಿದೆನಲ್ಲ, ಕೊನೆಯ ಅರ್ಜಿಯ ಮಟ್ಟಿಗೆ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅಂಥವರು ಸಾವಿರಾರು ಜನ ಇದ್ದಾರೆ. ಕ್ಲಾಸು ಇದ್ದರೆ ಸಂಬಳ, ರಜೆ ಬಂದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಪದವಿ ಇಲ್ಲದೆಯೂ ಪಾಠ ಮಾಡುವ ಯೋಗ್ಯತೆ ಇದ್ದವರಿಗೆ ಆ ಕಾಲ ಕುರ್ಚಿ ಕೊಟ್ಟಿತು. ಪದವಿ, ಯೋಗ್ಯತೆ ಎರಡೂ ಇದ್ದವರಿಗೆ ಈ ಕಾಲ ಟೈಂಟೇಬಲ್ ಮಾತ್ರ ಕೊಟ್ಟಿದೆ.

2027ಕ್ಕೆ ಕನ್ನಡ ಎಂ.ಎ.ಗೆ ನೂರು ತುಂಬುತ್ತದೆ. ರಿಜೆಕ್ಟ್ ಆದ ಅಷ್ಟೂ ಅರ್ಜಿದಾರರ ಫೋಟೊಗಳಿಗೆ ಗಂಧದ ಹಾರ ಹಾಕಬೇಕೆಂದು ಸಮಿತಿ ಅದೇ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಿತು. ಫೋಟೊ ಕೆಳಗಿನ ಪರಿಚಯ ಬರೆಯುವುದು, ಸ್ಮರಣ ಸಂಚಿಕೆಯ ಪ್ರೂಫ್ ತಿದ್ದುವುದು, ಸಚಿವರ ಭಾಷಣದಲ್ಲಿ ಅಕಾರ ಹಕಾರ ಸರಿಪಡಿಸುವುದು, ಇಷ್ಟನ್ನೂ ಕೊನೆಯ ಅರ್ಜಿದಾರರಿಗೆ ವಹಿಸಲಾಯಿತು. ಸಮಾರಂಭದ ದಿನ ತರಗತಿಗಳು ನಡೆಯುವುದಿಲ್ಲವಾದ್ದರಿಂದ ಅವರಿಗೆ ಅಂದಿನ ಗೌರವಧನ ಬರುವುದಿಲ್ಲವೆಂದು ಸೂಪರಿಂಟೆಂಡೆಂಟರು ಅದೇ ಕೆಂಪು ಪೆನ್ನಿನಲ್ಲಿ ಬರೆದು ಸಹಿ ಹಾಕಿದರು.