ದೇವನಹಳ್ಳಿಯ ಮಲತ್ಯಾಜ್ಯ ಘಟಕ: ಒಂದು ಸ್ಪಷ್ಟನೆ

‘ದೇವನಹಳ್ಳಿಯ ಹಾಗೆ ಮಲತ್ಯಾಜ್ಯ ಘಟಕ ಕಟ್ಟಿದರೆ ಸಾಕು, ಊರಿನ ಕೊಳಚೆ ನೀರೆಲ್ಲ ಶುದ್ಧವಾಗುತ್ತದೆ, ಒಳಚರಂಡಿಯೇ ಬೇಡ’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧಸತ್ಯ.

2015ರಿಂದ ನಡೆಯುತ್ತಿರುವ ಈ ಘಟಕದ ಸಾಮರ್ಥ್ಯ ದಿನಕ್ಕೆ ಸುಮಾರು 6,000 ಲೀಟರ್. ಅಂದರೆ ಒಂದೆರಡು ಸಕಿಂಗ್ ಲಾರಿ ತರುವಷ್ಟು. ಅಲ್ಲಿಗೆ ಬರುವುದು ಮನೆಗಳ ಗುಂಡಿ, ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ತುಂಬಿದ ಹೂಳು ಮಾತ್ರ. ಅದು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತು, ಒಣಗುವ ಹಾಸಿನಲ್ಲಿ ನೀರು ಬಸಿದು, ಕೊನೆಗೆ ಹಸಿ ಕಸದೊಂದಿಗೆ ಸೇರಿ ಗೊಬ್ಬರವಾಗುತ್ತದೆ. ಬಸಿದ ನೀರು ಜಲ್ಲಿ ಮತ್ತು ಗಿಡಗಳ ನಡುವೆ ಸೋಸಿಕೊಂಡು ಹೊರಬರುತ್ತದೆ. ಹೆಚ್ಚು ವಿದ್ಯುತ್ ಬೇಡದ ಈ ವ್ಯವಸ್ಥೆ ನಿಜಕ್ಕೂ ಮೆಚ್ಚತಕ್ಕದ್ದು. ಲಾರಿಯವರು ರಾತ್ರೋರಾತ್ರಿ ಹೊಲಕ್ಕೋ ರಾಜಕಾಲುವೆಗೋ ಸುರಿಯುವುದನ್ನು ತಪ್ಪಿಸಲು ಸಣ್ಣ ಊರಿಗೆ ಇದಕ್ಕಿಂತ ಕೈಗೆಟಕುವ ದಾರಿ ನನಗೆ ಕಾಣದು.

ಆದರೆ ಬಚ್ಚಲು, ಅಡುಗೆಮನೆಯ ನೀರು? ಅದು ಲಾರಿ ಹತ್ತುವುದಿಲ್ಲ. ಮನೆಗೆ ಕೊಟ್ಟ ನಲ್ಲಿ ನೀರಿನ ಬಹುಪಾಲು ಹೀಗೇ ಬಳಸಿದ ನೀರಾಗಿ ಹೊರಬೀಳುತ್ತದೆ. ಸೆಪ್ಟಿಕ್ ಟ್ಯಾಂಕಿನ ಮೇಲಿನ ತಿಳಿಯೂ ಇಂಗುಗುಂಡಿ ಇಲ್ಲದಿದ್ದರೆ ತೆರೆದ ಚರಂಡಿ ಸೇರಿ ಕೆರೆಗೆ ಹೋಗುತ್ತದೆ. ನೀರು ಪೂರೈಕೆ ಹೆಚ್ಚಿಸುವ ಪುರಸಭೆ ಈ ಹರಿವಿಗೂ ಬೇರೆಯೇ ಕೊಳವೆ, ಬೇರೆಯೇ ಶುದ್ಧೀಕರಣ ಘಟಕ ಯೋಜಿಸಲೇಬೇಕು.